ಕಾಗದದಲ್ಲಿ ಮಾತಾಡುವ ನೆರೆಮನೆ: ಮ್ಯೂನಿಕ್‌ನ ಒಂದು ಪ್ರಕರಣ

ಬೆಂಗಳೂರಿನ ಒಂದು ಕಂಪನಿಯ ಎಂಜಿನಿಯರ್, ಅವನ ಹೆಂಡತಿ, ಎರಡು ವರ್ಷದ ಮಗಳು. ಒಂದು ಪ್ರಾಜೆಕ್ಟ್ ಮುಗಿಯುವ ತನಕ ಅಂತ ಕಂಪನಿ ಅವನನ್ನು ಜರ್ಮನಿಯ ಮ್ಯೂನಿಕ್‌ಗೆ ಕಳಿಸಿತು. ಸೆಂಡ್ಲಿಂಗ್ ಅನ್ನುವ ಬಡಾವಣೆಯಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಹೋಗಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಒಂದು ಭಾನುವಾರ ಸಂಜೆ ಬಾಗಿಲಿಗೆ ಚೀಟಿ ಅಂಟಿಸಿತ್ತು. ಕೆಳಗಿನ ಮನೆಯ ವಯಸ್ಸಾದ ಹೆಂಗಸು ಬರೆದದ್ದು. ಭಾನುವಾರ ವಾಷಿಂಗ್ ಮೆಷೀನ್ ಓಡಿಸಬೇಡಿ. ಬೆಳಗಿನ ಜಾವ ನಿಮ್ಮ ಮನೆಯಿಂದ ಸೀಟಿ ಹೊಡೆದ ಹಾಗೆ ಸದ್ದು ಬರುತ್ತದೆ, ಏನಂತ ತಿಳಿಯುತ್ತಿಲ್ಲ, ದಯವಿಟ್ಟು ನೋಡಿಕೊಳ್ಳಿ. ಕೆಳಗೆ ಅವರ ಹೆಸರು, ಮಹಡಿ.

ಆ ಎಂಜಿನಿಯರ್ ನನ್ನ ಗೆಳೆಯ. ಚೀಟಿಯ ಫೋಟೊ ತೆಗೆದು ನನಗೆ ಕಳಿಸಿದ. ಜೊತೆಗೆ ಒಂದೇ ಸಾಲು: "ಮೆಟ್ಟಿಲಲ್ಲಿ ದಿನಾ ಸಿಗ್ತಾರೆ, ನಗ್ತಾರೆ. ಹೇಳೋಕೆ ಮಾತ್ರ ಚೀಟಿ ಬೇಕಿತ್ತಾ?"

ನಾನೂ ಹಿಂದೆ ಅದೇ ಊರಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಬಂದವನು. ಹಾಗಾಗಿ ಅಲ್ಲಿಗೆ ಹೊರಟ ಪರಿಚಯದವರು ಹೋಗುವ ಮುಂಚೆ ನನ್ನ ಹತ್ತಿರ ಕೂತು ಒಂದು ಕಾಫಿ ಕುಡಿಯುವುದು ವಾಡಿಕೆ ಆಗಿಬಿಟ್ಟಿದೆ. ಹೋಗಿ ಬಂದವರ ಬಾಯಲ್ಲಿ ಎರಡೇ ಮಾತು. ಒಂದು, ಅಲ್ಲಿನ ಜನ ತಣ್ಣಗೆ, ಯಾರ ಜೊತೆಗೂ ಬೆರೆಯಲ್ಲ. ಇನ್ನೊಂದು, ಅಬ್ಬಾ ಏನು ಶಿಸ್ತು! ಎರಡೂ ನನಗೆ ಒಪ್ಪಿಗೆಯಿಲ್ಲ. ಶಿಸ್ತಿನ ಕತೆ ಹೇಳುವವರು ಅಲ್ಲಿ ರೈಲು ಹತ್ತಿ ನೋಡಲಿ. 2024ರಲ್ಲಿ ಜರ್ಮನಿಯ ದೂರ ಪ್ರಯಾಣದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಹೊತ್ತಿಗೆ ಸರಿಯಾಗಿ ಬಂದವು. ತಣ್ಣಗಿನ ಜನ ಅನ್ನುವುದೂ ಪೂರ್ತಿ ನಿಜ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ. ಈ ಒಂದು ಚೀಟಿಯ ಹಿಂದೆ ಮುಂದೆ ನಡೆದದ್ದನ್ನು ನೋಡಿದರೆ ನನಗೆ ಕಾಣುವುದು ಬೇರೆ. ನಮ್ಮಲ್ಲಿ ನಿಯಮ ಜನರ ಬಾಯಲ್ಲಿ ಇರುತ್ತದೆ, ಅಲ್ಲಿ ಕಾಗದದ ಮೇಲೆ ಇರುತ್ತದೆ. ಗೆಳೆಯ ಕಾಗದ ಓದದೆ ಬಾಯಿಗಾಗಿ ಕಾದ. ಅಷ್ಟೇ ಆಗಿದ್ದು.

ಬಾಗಿಲ ಗಂಟೆ

ಚೀಟಿಗಿಂತ ಮೊದಲೇ ಒಂದು ತೊಂದರೆ ಶುರುವಾಗಿತ್ತು, ಅದು ಅವರಿಗೆ ತಿಳಿದಿರಲಿಲ್ಲ. ಹೆಂಡತಿಯ ಆರೋಗ್ಯ ವಿಮೆ ಕಾರ್ಡ್ ಬರಲೇ ಇಲ್ಲ. ಗಂಡನದು ಬಂತು, ಬ್ಯಾಂಕಿನ ಪಿನ್ ಬಂತು, ತೆರಿಗೆಯ 11 ಅಂಕಿಯ ನಂಬರ್ ಬಂತು. ಅಲ್ಲಿ ಇವೆಲ್ಲ ಅಂಚೆಯಲ್ಲೇ ಬರುವುದು. ಹೆಂಡತಿ ಹೆಸರಿನ ಒಂದು ಲಕೋಟೆಯೂ ಇಲ್ಲ.

ಕಾರಣ ಹುಡುಕಿದರೆ ನಮ್ಮ ಹೆಸರಿನ ಪದ್ಧತಿಗೇ ಬಂದು ನಿಲ್ಲುತ್ತದೆ. ಗೆಳೆಯ ಹಾಸನದ ಕಡೆಯವನು. ಊರಲ್ಲಿ ಅವನ ಹೆಸರಿನ ಹಿಂದೆ ಎರಡು ಇನಿಷಿಯಲ್, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಡಬಾರದು ಅಂತ ಅಪ್ಪನ ಹೆಸರು ತುಂಬಿದ. ಮದುವೆ ಆದ ಮೇಲೆ ಹೆಂಡತಿ ಪಾಸ್‌ಪೋರ್ಟ್ ಮಾಡಿಸಿದಳು, ಅದೇ ಜಾಗಕ್ಕೆ ಗಂಡನ ಹೆಸರು ಹಾಕಿದಳು. ಮಗಳಿಗೂ ಅಪ್ಪನ ಹೆಸರು, ಅಂದರೆ ಇವನ ಹೆಸರು. ನಮ್ಮ ಕಣ್ಣಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಜರ್ಮನಿಯ ಕಾಗದದ ಕಣ್ಣಿಗೆ ಒಂದು ಮನೆಯಲ್ಲಿ ಎರಡು ಬೇರೆ ಮನೆತನ.

ಅಲ್ಲಿ ಅಪಾರ್ಟ್‌ಮೆಂಟಿಗೆ ನಮ್ಮ ಹಾಗೆ '304' ಅಂತ ಮನೆ ನಂಬರ್ ಇರುವುದು ಅಪರೂಪ. ರಸ್ತೆ, ಕಟ್ಟಡದ ನಂಬರ್, ಆಮೇಲೆ ಬರೀ ಹೆಸರು. ಗಂಟೆಯ ಪಕ್ಕ, ಅಂಚೆ ಡಬ್ಬಿಯ ಮೇಲೆ ಸರ್‌ನೇಮ್ ಬರೆದಿರುತ್ತದೆ. ಅಂಚೆಯವರು ಅದನ್ನೇ ನೋಡಿ ಹಾಕುವುದು. ಮನೆ ಮಾಲೀಕರು ಕರಾರು ಪತ್ರ ನೋಡಿ ಗೆಳೆಯನ ಅಪ್ಪನ ಹೆಸರನ್ನು ಮಾತ್ರ ಅಂಟಿಸಿದ್ದರು. ಹೆಂಡತಿ ಹೆಸರಿನ ಕಾಗದ ಬಂದಾಗಲೆಲ್ಲ "ಇಂಥವರು ಇಲ್ಲಿಲ್ಲ" ಅಂತ ವಾಪಸ್.

ನಮ್ಮ ಪೋಸ್ಟ್‌ಮ್ಯಾನ್ ಆಗಿದ್ದರೆ ಮೆಟ್ಟಿಲ ಬಳಿ ನಿಂತು ಯಾರನ್ನಾದರೂ ಕೇಳುತ್ತಿದ್ದ. ಅರ್ಧ ವಿಳಾಸ ಇದ್ದರೂ ಕಾಗದ ಸೇರಿಸುವ ಪೋಸ್ಟ್‌ಮ್ಯಾನ್‌ಗಳು ನಮ್ಮಲ್ಲಿ ಈಗಲೂ ಇದ್ದಾರೆ. ಅಲ್ಲಿ ಕೇಳುವುದು ಅವರ ಕೆಲಸ ಅಲ್ಲ. ಹೆಸರು ಅಂಟಿಸುವುದು ನಮ್ಮ ಕೆಲಸ. ಕೊನೆಗೆ ಗೆಳೆಯ ಡಬ್ಬಿಯ ಮೇಲೆ ಎರಡೂ ಹೆಸರು ಹಾಕಿದ, ಅದೇ ವಾರ ಕಾರ್ಡ್ ಬಂತು. ಅಂದ ಹಾಗೆ, ಆಫೀಸಿನಲ್ಲೂ ಆಸ್ಪತ್ರೆಯಲ್ಲೂ ಅವನನ್ನು ಕರೆಯುತ್ತಿದ್ದದ್ದು ಅಪ್ಪನ ಹೆಸರಿನಿಂದಲೇ. "ಯಾರಾದರೂ ಕರೆದರೆ ಅಪ್ಪ ಹಿಂದೆ ಬಂದು ನಿಂತ್ರಾ ಅಂತ ತಿರುಗಿ ನೋಡ್ತಿದ್ದೆ" ಅನ್ನುತ್ತಾನೆ.

ಹೆಸರಿನ ಜೊತೆಗೆ ಇನ್ನೊಂದು ವಿಷಯ. ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆ ಫಾರಂನಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಗೆಳೆಯನಿಗೆ ಗಾಬರಿ. ಕೇಳುವುದು ಚರ್ಚ್ ತೆರಿಗೆಗಾಗಿ. ಚರ್ಚಿನ ಸದಸ್ಯರಿಂದ ಸರ್ಕಾರವೇ ತೆರಿಗೆ ವಸೂಲಿ ಮಾಡಿ ಚರ್ಚಿಗೆ ಕೊಡುತ್ತದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆದಾಯ ತೆರಿಗೆಯ 8 ಶೇಕಡಾ. ಸದಸ್ಯರಲ್ಲದವರಿಗೆ ಏನೂ ಇಲ್ಲ.

ಭಾನುವಾರ

ಈಗ ಚೀಟಿಯ ಮೊದಲ ದೂರು. ಬೆಂಗಳೂರಲ್ಲಿ ಭಾನುವಾರ ಅಂದರೆ ಬಾಕಿ ಕೆಲಸದ ದಿನ. ಬಟ್ಟೆ ಒಗೆಯುವುದು, ಗೋಡೆಗೆ ಡ್ರಿಲ್ ಹಾಕಿಸುವುದು, ಬಡಗಿಯನ್ನು ಕರೆಸುವುದು, ಎಲ್ಲ ಆವತ್ತೇ. ಜರ್ಮನಿಯಲ್ಲಿ ಆ ದಿನ ಸುಮ್ನೆ ಇರುವುದಕ್ಕೆ ಸಂವಿಧಾನದ ರಕ್ಷಣೆಯೇ ಇದೆ. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ಕೆಲಸದಿಂದ ಬಿಡುವಿನ ದಿನವಾಗಿ ಕಾಪಾಡಿತು. 1949ರಲ್ಲಿ ಹೊಸ ಸಂವಿಧಾನ ಬರೆದವರು ಅದನ್ನು 140ನೇ ವಿಧಿಯ ಮೂಲಕ ಹಾಗೇ ಉಳಿಸಿಕೊಂಡರು. ಆವತ್ತು ರೈಲು ನಿಲ್ದಾಣದಂಥ ಕೆಲವು ಕಡೆ ಬಿಟ್ಟರೆ ಅಂಗಡಿ ಮುಚ್ಚಿರುತ್ತದೆ. ಬವೇರಿಯಾ ಇದರಲ್ಲಿ ಇನ್ನೂ ಬಿಗಿ, ಉಳಿದ ದಿನಗಳಲ್ಲೂ ಅಂಗಡಿಗಳು ಸಾಮಾನ್ಯವಾಗಿ ರಾತ್ರಿ 8ಕ್ಕೆ ಬಾಗಿಲು ಹಾಕುತ್ತವೆ. ಮೊದಲ ಭಾನುವಾರ ಹಾಲು ತರಲು ಹೋದ ಗೆಳೆಯ ಬೀದಿಯೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಮಗಳು ಅಳುತ್ತಿದ್ದಳು. ಕೊನೆಗೆ ಮೆಟ್ರೊ ಹತ್ತಿ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ ಹಾಲು ತಂದ.

ಇನ್ನೊಂದು ಭಾನುವಾರ ಖಾಲಿ ಉಪ್ಪಿನಕಾಯಿ ಬಾಟಲಿಗಳನ್ನು ಬೀದಿ ಮೂಲೆಯ ಗಾಜಿನ ಡಬ್ಬಕ್ಕೆ ಹಾಕಲು ಹೊರಟ. ಬಿಳಿ ಗಾಜು, ಹಸಿರು ಗಾಜು, ಕಂದು ಗಾಜು, ಮೂರಕ್ಕೂ ಬೇರೆ ಬೇರೆ ಡಬ್ಬ. ಮೊದಲ ಬಾಟಲಿ ಒಳಗೆ ಬಿದ್ದು ಒಡೆದ ಸದ್ದಿಗೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ನಿಂತರು. ಬೈಯಲಿಲ್ಲ, ಮಾತೇ ಆಡಲಿಲ್ಲ. ಡಬ್ಬದ ಮೇಲಿನ ಬೋರ್ಡಿನ ಕಡೆ ಬೆರಳು ತೋರಿಸಿ ಮುಂದೆ ಹೋದರು. ಹಾಕುವ ಹೊತ್ತು ಅದರಲ್ಲಿ ಬರೆದಿತ್ತು, ಭಾನುವಾರ ಅದರಲ್ಲಿ ಇರಲಿಲ್ಲ. ಈ ಪ್ರಕರಣವನ್ನು ಒಂದೇ ಚಿತ್ರದಲ್ಲಿ ತೋರಿಸು ಅಂದರೆ ನಾನು ಆ ಬೆರಳನ್ನೇ ತೋರಿಸುತ್ತೇನೆ.

ವಾಷಿಂಗ್ ಮೆಷೀನ್ ವಿಷಯ ಸ್ವಲ್ಪ ಬೇರೆ. ಭಾನುವಾರ ಮನೆಯೊಳಗೆ ಮೆಷೀನ್ ಓಡಿಸಬಾರದು ಅಂತ ದೇಶಕ್ಕೆಲ್ಲ ಒಂದು ಕಾನೂನು ಇಲ್ಲ. ಆದರೆ ಆ ಕಟ್ಟಡದ ಮನೆ ನಿಯಮದಲ್ಲಿ ಇತ್ತು. ಹೌಸ್‌ಓರ್ಡ್‌ನುಂಗ್ ಅನ್ನುತ್ತಾರೆ. ಕೆಳಗೆ ಬಾಗಿಲ ಪಕ್ಕ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿತ್ತು. ಬಾಡಿಗೆ ಕರಾರಿನ ಕೊನೆಯಲ್ಲೂ ಅದರ ಪ್ರತಿ ಇತ್ತು, ಗೆಳೆಯ ಸಹಿ ಹಾಕಿದ್ದ. ರಾತ್ರಿ 10ರ ಮೇಲೆ ಸದ್ದು ಬೇಡ, ಮೆಟ್ಟಿಲ ಬಳಿ ಮಗುವಿನ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಕಸ ಯಾವ ಡಬ್ಬಕ್ಕೆ, ಎಲ್ಲ ಅದರಲ್ಲಿ.

ಯಾಕೆ ಓದಲಿಲ್ಲ ಅಂತ ಕೇಳಿದೆ. ಅವನ ಉತ್ತರ ನನಗೆ ತುಂಬಾ ಸರಿ ಅನ್ನಿಸಿತು. "ಬೆಂಗಳೂರಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾರು ಓದ್ತಾರೆ ಹೇಳು?" ನಿಜ ಅಲ್ವಾ? ಸ್ಟ್ಯಾಂಪ್ ಪೇಪರಿನಲ್ಲಿ ಇರುವುದೇ ಬೇರೆ. ಅಸಲಿ ನಿಯಮ ಬೀಗದ ಕೈ ಕೊಡುವಾಗ ಓನರ್ ಆಂಟಿ ಬಾಯಿಂದ ಬರುತ್ತದೆ. ನಾನ್‌ವೆಜ್ ಮಾಡಂಗಿಲ್ಲ, ಹತ್ತೂವರೆಗೆ ಗೇಟ್ ಹಾಕ್ತೀವಿ, ನೀರು ನೋಡಿಕೊಂಡು ಬಳಸಿ, ನೆಂಟರು ಜಾಸ್ತಿ ದಿನ ಇರಬಾರದು. ನಡೆಯುವುದು ಅದೇ. ತಪ್ಪಿದರೆ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳುತ್ತಾರೆ, ಇನ್ನೂ ತಪ್ಪಿದರೆ ಕೂಗಾಡುತ್ತಾರೆ. ಮ್ಯೂನಿಕ್‌ನ ಮಾಲೀಕರು ಕೈ ಕುಲುಕಿ, ಮೀಟರ್ ರೀಡಿಂಗ್ ಬರೆಸಿ, ಹೋದರು. ಏನೂ ಹೇಳಲಿಲ್ಲ. ಹೇಳಬೇಕಾದ್ದೆಲ್ಲ ಕೊಟ್ಟಾಗಿದೆ ಅಂತ ಅವರ ಲೆಕ್ಕ. ಏನೂ ಹೇಳಲಿಲ್ಲ ಅಂದರೆ ನಿಯಮ ಇಲ್ಲ ಅಂತ ಇವನ ಲೆಕ್ಕ.

ಚೀಟಿಯನ್ನು ಅವನು ಆಫೀಸಿನ ಜರ್ಮನ್ ಸಹೋದ್ಯೋಗಿಗೆ ತೋರಿಸಿದ. ಆತ ಓದಿ, ಒಳ್ಳೆ ನೆರೆಮನೆ ಸಿಕ್ಕಿದೆ ನಿಮಗೆ ಅಂದರಂತೆ. ದಯವಿಟ್ಟು ಅಂತ ಬರೆದಿದ್ದಾರೆ, ಹೆಸರು ಹಾಕಿದ್ದಾರೆ, ನೇರ ನಿಮಗೇ ಬರೆದಿದ್ದಾರೆ. ಇಷ್ಟವಿಲ್ಲದವರಾಗಿದ್ದರೆ ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಬರೆಯುತ್ತಿದ್ದರು, ಅಲ್ಲಿಂದ ಮಾಲೀಕರಿಗೆ, ಮಾಲೀಕರಿಂದ ಎಚ್ಚರಿಕೆ ಪತ್ರ. ಅಂದರೆ ಗೆಳೆಯನಿಗೆ ಅವಮಾನ ಅನ್ನಿಸಿದ್ದು ಅಲ್ಲಿ ಮರ್ಯಾದೆಯ ಮೊದಲ ಮೆಟ್ಟಿಲು. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ "ಕೆಲವರಿಗೆ ಎಷ್ಟು ಹೇಳಿದರೂ..." ಅಂತ ಶುರುವಾಗುವ ಮೆಸೇಜುಗಳನ್ನು ನೆನೆಸಿಕೊಂಡರೆ, ಹೆಸರು ಹಾಕಿದ ಚೀಟಿಯೇ ವಾಸಿ ಅಂತ ನನಗನ್ನಿಸುತ್ತದೆ.

ಕುಕ್ಕರ್ ಮತ್ತು ಡಬ್ಬಿ

ಸೀಟಿಯ ವಿಷಯ ನಗು ತರಿಸುವಂಥದ್ದು. ಗಂಡನಿಗೆ ಡಬ್ಬಿ ಕಟ್ಟಬೇಕು ಅಂತ ಬೆಳಿಗ್ಗೆ ಆರಕ್ಕೇ ಕುಕ್ಕರ್ ಇಡುವುದು ಗೆಳೆಯನ ಹೆಂಡತಿಗೆ ರೂಢಿ, ಭಾನುವಾರವೂ ಅದು ತಪ್ಪಲಿಲ್ಲ. ಜರ್ಮನಿಯಲ್ಲೂ ಪ್ರೆಶರ್ ಕುಕ್ಕರ್ ಇದೆ. ಆದರೆ ಅದು ಕೂಗುವುದಿಲ್ಲ. ಒಳಗೆ ಒತ್ತಡ ಏರಿದಾಗ ಮುಚ್ಚಳದಿಂದ ಒಂದು ಸಣ್ಣ ಕಡ್ಡಿ ಮೇಲೆ ಬರುತ್ತದೆ, ಅದರ ಮೇಲಿನ ಗೆರೆ ನೋಡಿ ಉರಿ ಇಳಿಸಿ ನಿಮಿಷ ಎಣಿಸಬೇಕು. ನಮ್ಮ ಕುಕ್ಕರಿನ ಕೂಗು ಕೇಳದವರಿಗೆ ಬೆಳಗಿನ ಜಾವ ಅದು ಏನೋ ಅಪಾಯದ ಸದ್ದಿನ ಹಾಗೆ ಕೇಳಿದ್ದರೆ ಆಶ್ಚರ್ಯವಿಲ್ಲ.

ಆಕೆ ಅಲ್ಲಿನ ಕುಕ್ಕರ್ ಕೊಂಡಳು. ಕಷ್ಟ ಶುರುವಾದದ್ದು ಅಲ್ಲಿಂದ. ಅನ್ನಕ್ಕೆ ಮೂರು ಕೂಗು, ಬೇಳೆಗೆ ಐದು, ಹುರುಳಿಕಾಳಿಗೆ ಇನ್ನೂ ಜಾಸ್ತಿ. ಶಿವಮೊಗ್ಗದ ಅಮ್ಮ ಹೇಳಿಕೊಟ್ಟ ಅಡಿಗೆ ಪೂರ್ತಿ ಕೂಗಿನ ಲೆಕ್ಕದಲ್ಲೇ ಇತ್ತು. ಆಕೆ ಬೇರೆ ಕೋಣೆಯಲ್ಲಿ ಮಗಳಿಗೆ ಬಟ್ಟೆ ಹಾಕುತ್ತಾ ಕಿವಿಯಲ್ಲೇ ಅಡಿಗೆ ಮಾಡುತ್ತಿದ್ದಳು. ಈಗ ಒಲೆಯ ಮುಂದೆ ನಿಂತು ಕಡ್ಡಿ ನೋಡಬೇಕು, ಫೋನಿನಲ್ಲಿ ಟೈಮರ್ ಇಡಬೇಕು. ಮೊದಮೊದಲು ಬೇಳೆ ಕಾಳುಕಾಳಾಗಿ ಉಳಿಯಿತು, ಅನ್ನ ಮುದ್ದೆಯಾಯಿತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಐದು ಕೂಗು ಅಂದರೆ ಎಷ್ಟು ನಿಮಿಷ ಅಂತ ಕೇಳಿದರೆ, "ನಂಗೇನೇ ಗೊತ್ತು, ಐದು ಕೂಗು ಅಂದ್ರೆ ಐದು ಕೂಗು" ಅಂದರಂತೆ. ಊರಿನ ಅಡಿಗೆಮನೆಯನ್ನು ನಿಮಿಷಕ್ಕೆ ಇಳಿಸಿ ಒಂದು ಪುಸ್ತಕದ ಹಿಂದೆ ಬರೆದುಕೊಂಡಳು. ಅವಳ ಅಡಿಗೆಯೂ ಕಾಗದಕ್ಕೆ ಬಂತು.

ಅದೇ ಹೊತ್ತಿಗೆ ಆಕೆ ಒಂದು ಸ್ಟೀಲ್ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತುಂಬಿಕೊಂಡು ಕೆಳಗಿನ ಮನೆಯ ಗಂಟೆ ಒತ್ತಿದಳು. ಆ ಹೆಂಗಸು ಬಾಗಿಲು ತೆಗೆದರು, ನಕ್ಕರು, ಡಬ್ಬಿ ಎರಡೂ ಕೈಯಲ್ಲಿ ತೆಗೆದುಕೊಂಡು ಧನ್ಯವಾದ ಹೇಳಿದರು. ಒಳಗೆ ಕರೆಯಲಿಲ್ಲ. ಬಾಗಿಲು ಮುಚ್ಚಿತು. ಎರಡು ದಿನ ಬಿಟ್ಟು ಡಬ್ಬಿ ಬಟ್ಟೆಯ ಚೀಲದಲ್ಲಿ ಇವರ ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಚೆನ್ನಾಗಿ ತೊಳೆದು ಒರೆಸಿತ್ತು, ಹೊಳೆಯುತ್ತಿತ್ತು. ಒಳಗೆ ಖಾಲಿ.

ನಮ್ಮ ಕಡೆ ಡಬ್ಬಿ ಖಾಲಿ ವಾಪಸ್ ಕೊಡುವುದಿಲ್ಲ, ಅಲ್ವಾ? ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆಕೆಗೆ ಮನಸ್ಸಿಗೆ ಚುಚ್ಚಿತು. ಚೀಲದ ತಳದಲ್ಲಿ ಒಂದು ಲಕೋಟೆ ಇದೆ ಅಂತ ಕಂಡದ್ದು ಆಮೇಲೆ. ಹೂವಿನ ಚಿತ್ರದ ಕಾರ್ಡ್, ಕೈಯಲ್ಲಿ ಬರೆದ ನಾಲ್ಕು ಸಾಲು. ಮಿಠಾಯಿ ಎಷ್ಟು ಚೆನ್ನಾಗಿತ್ತು, ಸದ್ದು ನಿಂತದ್ದಕ್ಕೆ ಎಷ್ಟು ಸಂತೋಷ, ಮಗುವಿಗೆ ಶುಭಾಶಯ. ಸಕ್ಕರೆಯ ಜಾಗದಲ್ಲಿ ಕಾರ್ಡ್ ಇತ್ತು ಅಂತ ನಾನಂದೆ. "ಅದಕ್ಕಿಂತ ಒಂದು ಲೋಟ ಕಾಫಿ ಕೊಟ್ಟಿದ್ದರೆ ಚೆನ್ನಾಗಿತ್ತು" ಅಂದಳು ಆಕೆ. ಅವಳ ಮಾತೂ ತಪ್ಪಲ್ಲ.

ಮಗಳ ಅಳುವಿನ ಬಗ್ಗೆ ಮಾತ್ರ ಯಾವ ಚೀಟಿಯೂ ಬರಲಿಲ್ಲ. ಹಲ್ಲು ಬರುವ ಕಾಲ, ರಾತ್ರಿ ಎದ್ದು ಕೂಗುತ್ತಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಇಬ್ಬರೂ ಹೆದರಿಕೊಂಡೇ ಇದ್ದರು. ಮಕ್ಕಳ ಗಲಾಟೆಯನ್ನು ಅಲ್ಲಿ ಬೇರೆ ಸದ್ದಿನ ಸಾಲಿಗೆ ಸೇರಿಸುವುದಿಲ್ಲ. ಶಿಶುವಿಹಾರ, ಆಟದ ಮೈದಾನಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಅಂತ ಪರಿಗಣಿಸಬಾರದು ಅಂತ 2011ರಲ್ಲಿ ಕಾನೂನಿಗೇ ಸೇರಿಸಿದರು. ಮನೆಯೊಳಗೆ ಮಗು ಅಳುವುದನ್ನೂ ನೆರೆಯವರು ಸಹಿಸಬೇಕು ಅನ್ನುವುದೇ ಸಾಮಾನ್ಯ ಧೋರಣೆ.

ಆಫೀಸಿನ ಕತೆ ಹೆಚ್ಚೇನಿಲ್ಲ, ಎಲ್ಲರೂ ಹೇಳುವಂಥದ್ದೇ. ಹುಟ್ಟಿದ ಹಬ್ಬ ಯಾರದೋ ಅವರೇ ಕೇಕ್ ತರಬೇಕು, ಮುಂಚಿನ ದಿನವೇ ಶುಭಾಶಯ ಹೇಳಿದರೆ ಅಪಶಕುನ. ಇವನು "ನೋಡೋಣ, ಟ್ರೈ ಮಾಡ್ತೀನಿ" ಅಂದದ್ದನ್ನು ಅವರು ಒಪ್ಪಿಗೆ ಅಂತ ನೋಟ್ಸಿನಲ್ಲಿ ಬರೆದುಕೊಂಡರು. ರಾತ್ರಿ ಎಂಟಾದರೂ ಕೂತಿದ್ದವನನ್ನು ಮ್ಯಾನೇಜರ್ ಎಬ್ಬಿಸಿ ಮನೆಗೆ ಕಳಿಸಿದರು. ಮೆಚ್ಚುತ್ತಾರೆ ಅಂತ ಇವನು ಕಾದಿದ್ದ. ದಿನಕ್ಕೆ 10 ಗಂಟೆ ಮೀರಿ ದುಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ, ತೊಂದರೆ ಆಗುವುದು ಮ್ಯಾನೇಜರಿಗೆ.

ಬಾಯಿ ಬಿಡುವ ಜಾಗ

ಕಾಗದ ಕೈಕೊಟ್ಟದ್ದೂ ಇದೆ. ಚಳಿಗಾಲದಲ್ಲಿ ಒಂದು ನಡುರಾತ್ರಿ ಮಗಳಿಗೆ ಜೋರು ಜ್ವರ. ಬೆಂಗಳೂರಲ್ಲಾದರೆ ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದರು. ಇಲ್ಲಿ ತಟ್ಟಬಹುದಾ, ತಟ್ಟಿದರೆ ಏನಂದುಕೊಂಡಾರು? ಆ ಅನುಮಾನಕ್ಕೆ ಉತ್ತರ ಮನೆ ನಿಯಮದಲ್ಲಿ ಬರೆದಿರಲಿಲ್ಲ. ಅಲ್ಲಿನ ಕನ್ನಡಿಗರ ಗುಂಪಿಗೆ ಮೆಸೇಜ್ ಹಾಕಿದಾಗ ಯಾರೋ ಎಚ್ಚರ ಇದ್ದವರು 116117ಕ್ಕೆ ಫೋನ್ ಮಾಡಿ ಅಂದರು. ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ಡಾಕ್ಟರ್ ಎಲ್ಲಿ ಸಿಗುತ್ತಾರೆ ಅಂತ ಹೇಳುವ ನಂಬರ್ ಅದು, ಜರ್ಮನಿಗೆಲ್ಲ ಒಂದೇ. ತೀರಾ ಅಪಾಯ ಇದ್ದರೆ 112. ಆ ರಾತ್ರಿ ಕೆಲಸಕ್ಕೆ ಬಂದದ್ದು ಬಾಯಿಯೇ. ಇವರು ಬಾಗಿಲು ತಟ್ಟಿದ್ದರೂ ಆ ಹೆಂಗಸು ತೆಗೆಯುತ್ತಿದ್ದರು ಅಂತಲೇ ನನ್ನ ನಂಬಿಕೆ. ಆದರೆ ಅದನ್ನು ಪರೀಕ್ಷೆ ಮಾಡುವ ಧೈರ್ಯ ಇವರಿಗೆ ಬರಲಿಲ್ಲ, ಯಾರಿಗೆ ಬರುತ್ತದೆ?

ತಣ್ಣಗಿನ ಜನ ಅನ್ನುವವರಿಗೆ ನಾನು ಹೇಳುವುದು ಬಿಯರ್ ತೋಟದ ಕತೆ. ಬೇಸಿಗೆ ಬಂದಾಗ ಇವರು ಹಿರ್ಷ್‌ಗಾರ್ಟನ್ ಅನ್ನುವ ಬಿಯರ್ ತೋಟಕ್ಕೆ ಹೋದರು. ದೊಡ್ಡ ಮರಗಳ ಕೆಳಗೆ ಉದ್ದುದ್ದ ಬೆಂಚು, ಸುಮಾರು 8,000 ಜನ ಕೂರುವಷ್ಟು ಜಾಗ. ಇವರು ಕುಡಿಯುವವರಲ್ಲ, ತಿನ್ನಲು ಏನು ಸಿಗುತ್ತದೋ ಅಂತ ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡಿದ್ದರು. ಹೊರಗಿನ ತಿಂಡಿ ಬಿಡ್ತಾರೋ ಇಲ್ವೋ ಅಂತ ಚೀಲ ಕಾಲಡಿ ಬಚ್ಚಿಟ್ಟುಕೊಂಡು ಕೂತರು. ಎದುರಿಗೆ ಒಂದು ಜೋಡಿ ಬಂದು, ಜಾಗ ಖಾಲಿ ಇದೆಯಾ ಅಂತ ಕೇಳಿ ಅದೇ ಬೆಂಚಿನಲ್ಲಿ ಕೂತಿತು. ಬುಟ್ಟಿಯಿಂದ ಮೇಜುಬಟ್ಟೆ, ಬ್ರೆಡ್, ಚೀಸ್, ಮೂಲಂಗಿ ಎಲ್ಲ ಹೊರಗೆ ಬಂತು.

ಇದಕ್ಕೆ ಇನ್ನೂರು ವರ್ಷದ ಹಿನ್ನೆಲೆ ಇದೆ. ಬಿಯರ್ ತಯಾರಿಸುವವರು ತಮ್ಮ ನೆಲಮಾಳಿಗೆಯ ಬಳಿಯೇ ಬೇಸಿಗೆಯಲ್ಲಿ ಬಿಯರ್ ಮಾರತೊಡಗಿದಾಗ ಊರಿನ ಹೋಟೆಲಿನವರು ವ್ಯಾಪಾರ ಹೋಯಿತು ಅಂತ ತಕರಾರು ಎತ್ತಿದರು. 1812ರಲ್ಲಿ ಬವೇರಿಯಾದ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಎರಡೂ ಕಡೆಯವರನ್ನು ಸಮಾಧಾನ ಮಾಡಿದ. ಬಿಯರ್ ಮಾರಿ, ಬ್ರೆಡ್ ಬಿಟ್ಟು ಬೇರೆ ಊಟ ಮಾರಬೇಡಿ. ಜನ ಊಟ ಮನೆಯಿಂದ ತರತೊಡಗಿದರು. ಆಮೇಲೆ ಊಟ ಮಾರುವುದಕ್ಕೂ ಅನುಮತಿ ಸಿಕ್ಕಿತು, ತರುವ ರೂಢಿ ಮಾತ್ರ ನಿಲ್ಲಲಿಲ್ಲ. 1999ರ ಬವೇರಿಯಾದ ಬಿಯರ್ ತೋಟದ ನಿಯಮವೂ ಸ್ವಂತ ಊಟ ತಂದು ತಿನ್ನುವುದನ್ನು ಅಂಥ ತೋಟದ ಲಕ್ಷಣ ಅಂತಲೇ ಹೇಳುತ್ತದೆ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಟ್ಟೆ ಹಾಸಿಟ್ಟ ಮೇಜು ಮಾಣಿ ಬಂದು ಬಡಿಸುವ ಮೇಜು, ಬಟ್ಟೆ ಇಲ್ಲದ ಮೇಜು ಊಟ ತಂದು ತಿನ್ನುವವರದು.

ಇವರಿಗೆ ಇದನ್ನೆಲ್ಲ ಹೇಳಿದ್ದು ಯಾವ ಬೋರ್ಡೂ ಅಲ್ಲ, ಎದುರಿಗೆ ಕೂತ ಆ ಜೋಡಿ. ಬಚ್ಚಿಟ್ಟ ಚೀಲ ಮೇಲೆ ಬಂತು. ಪುಳಿಯೋಗರೆ ಅತ್ತ ಹೋಯಿತು, ಮೂಲಂಗಿ ಇತ್ತ ಬಂತು. ಗಂಡಸರು ದೊಡ್ಡ ಲೋಟ ಎತ್ತಿ ತಟ್ಟಿದರು, ಒಂದರಲ್ಲಿ ಬಿಯರ್, ಒಂದರಲ್ಲಿ ಸೋಡ ಬೆರೆಸಿದ ಸೇಬಿನ ರಸ. ಮಗಳು ಯಾರ ಯಾರದೋ ತೊಡೆಯ ಮೇಲೆ ಕೂತಳು. ಕತ್ತಲಾಗುವ ತನಕ ಮಾತು. ಫೋನ್ ನಂಬರ್ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ಬರೀ ತಲೆಯಾಡಿಸಿ ಹೋಗುವ ಜನವೇ ಇವರು ಅಂತ ನಂಬಲು ಗೆಳೆಯನಿಗೆ ಕಷ್ಟವಾಯಿತು. ಮಾತಿಗೂ ಅಲ್ಲಿ ಒಂದು ಜಾಗ ಇದೆ. ಮೆಟ್ಟಿಲು ಆ ಜಾಗ ಅಲ್ಲ.

ಪ್ರಾಜೆಕ್ಟ್ ಮುಗಿಯಿತು. ಮನೆ ಬಿಡುವ ದಿನ ಮಾಲೀಕರು ಪಟ್ಟಿ ಹಿಡಿದು ಬಂದರು. ಗೋಡೆಯ ಮೊಳೆ ತೂತು, ಬೀಗದ ಕೈ ಎಷ್ಟು, ಮೀಟರ್ ಎಷ್ಟು, ಎಲ್ಲ ಬರೆದು ಇಬ್ಬರೂ ಸಹಿ ಮಾಡಿದರು. ಈ ಸಲ ಗೆಳೆಯ ಪ್ರತಿ ಸಾಲನ್ನೂ ಫೋನಿನಲ್ಲಿ ಅನುವಾದ ಮಾಡಿ ಓದಿದ. ಸ್ನಾನದ ಮನೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಚಳಿಯಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸಬೇಕು ಅಂತ ಕರಾರಿನಲ್ಲಿ ಇತ್ತು, ಇವರು ಮಗು ಇದೆ ಅಂತ ಮುಚ್ಚಿಟ್ಟಿದ್ದರು. ಅಡ್ವಾನ್ಸಿನಲ್ಲಿ ಸ್ವಲ್ಪ ಕಡಿತ ಆಯಿತು. ಅಲ್ಲಿ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವನಿಗೆ ಆ ಕಡಿತ ಅಷ್ಟೇನೂ ನೋವಾಗಲಿಲ್ಲ.

ನಗರದ ಕಚೇರಿಗೆ ಹೋಗಿ ವಿಳಾಸ ರದ್ದು ಮಾಡಿಸಿಯೇ ವಿಮಾನ ಹತ್ತಿದರು. ಒಂದು ಮಾತ್ರ ಬಿಟ್ಟುಹೋಯಿತು. ರೇಡಿಯೋ ಟಿವಿ ಶುಲ್ಕ, ಮನೆಯಲ್ಲಿ ಟಿವಿ ಇರಲಿ ಬಿಡಲಿ ಮನೆಗೆ ಇಷ್ಟು ಅಂತ ತಿಂಗಳಿಗೆ 18.36 ಯೂರೋ. ಅದನ್ನು ಬೇರೆಯಾಗಿ ರದ್ದು ಮಾಡಿಸಬೇಕು. ಬಾಕಿ ಕಟ್ಟಿ ಅನ್ನುವ ಪತ್ರ ಬೆಂಗಳೂರಿನ ವಿಜಯನಗರದ ಮನೆಗೇ ಬಂತು, ಲಕೋಟೆಯ ಮೇಲೆ ಅಪ್ಪನ ಹೆಸರು. ನಮ್ಮ ಪೋಸ್ಟ್‌ಮ್ಯಾನ್ ಮೂರನೇ ಕ್ರಾಸಿನಲ್ಲಿ ಕೇಳಿಕೊಂಡು ತಂದುಕೊಟ್ಟ. ಗೆಳೆಯ ಫೋನ್ ಮಾಡುವ ಗೋಜಿಗೆ ಹೋಗಲಿಲ್ಲ. ವಿಳಾಸ ರದ್ದಾದ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ತಾರೀಕು ಹಾಕಿ, ಸಹಿ ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಉತ್ತರ ಕಳಿಸಿದ್ದಾನೆ.